ಮಳೆಯ ಗುರುತುಗಳು: ನಂಬುವ ಮೊದಲು ಬರೆದಿಡೋಣ

(ಸಂಘದ ವಾರ್ಷಿಕ ಸಮಾರಂಭದಲ್ಲಿ ವಿದ್ಯಾರ್ಥಿಗಳು ಮತ್ತು ಪೋಷಕರನ್ನು ಉದ್ದೇಶಿಸಿ ಮಾಡಿದ ಭಾಷಣದ ಬರಹರೂಪ)



ಮಳೆಯನ್ನು ಮುಂದಾಗಿ ತಿಳಿಯಲು ನಮ್ಮ ಹಿರಿಯರು ಕಂಡುಕೊಂಡಿದ್ದ ಗುರುತುಗಳ ಬಗ್ಗೆ ನಾಲ್ಕು ಮಾತನಾಡಬೇಕೆಂದು ನನಗೆ ತಿಳಿಸಲಾಗಿದೆ. ಪರೀಕ್ಷೆ, ಫಲಿತಾಂಶ, ಉದ್ಯೋಗದ ಮಾತು ಕೇಳಲು ಬಂದವರಿಗೆ ಈ ವಿಷಯ ಹಳೆಯದೆನಿಸಬಹುದು. ಆದರೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂಬ ನಾಲ್ಕು ತಾಲ್ಲೂಕುಗಳು ಸೇರಿದ ನಮ್ಮ ಶೈಕ್ಷಣಿಕ ಜಿಲ್ಲೆಯಲ್ಲಿ ಮಳೆಗೂ ಶಾಲೆಗೂ ನೇರ ಸಂಬಂಧವಿದೆ. ಮಳೆ ಕೈಕೊಟ್ಟ ವರ್ಷ ತಂದೆತಾಯಿ ಕೆಲಸ ಹುಡುಕಿಕೊಂಡು ಬೆಂಗಳೂರಿನ ಕಡೆ ಗುಳೆ ಹೋಗುತ್ತಾರೆ, ಹಾಜರಿ ಪುಸ್ತಕದಲ್ಲಿ ಮಕ್ಕಳ ಹೆಸರಿನ ಮುಂದೆ ಗೈರುಹಾಜರಿ ಬೀಳುತ್ತದೆ. ಆದ್ದರಿಂದ ಮಳೆಯ ಮಾತು ವಿದ್ಯೆಯ ಮಾತೂ ಹೌದು.

ನಮ್ಮದು ಮಳೆನೆರಳಿನ ಸೀಮೆ. ಅರಬ್ಬಿ ಸಮುದ್ರದಿಂದ ಬರುವ ಮುಂಗಾರು ಗಾಳಿ ಪಶ್ಚಿಮ ಘಟ್ಟದಲ್ಲೇ ತನ್ನ ಭಾರವನ್ನೆಲ್ಲ ಇಳಿಸಿಬಿಡುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿ.ಮೀ. ದಾಟಿ ಸುರಿಯುವ ಮಳೆ ನಮ್ಮಲ್ಲಿಗೆ ಬರುವಷ್ಟರಲ್ಲಿ 600 ಮಿ.ಮೀ. ಆಸುಪಾಸಿಗೆ ಇಳಿಯುತ್ತದೆ. ಅದೂ ಹೇಳಿದ ಹೊತ್ತಿಗೆ ಬರುವುದಿಲ್ಲ. 2022ರಲ್ಲಿ ಕೆರೆಗಳು ಕೋಡಿ ಬಿದ್ದವು, ಜಯಮಂಗಲಿ ಮೈದುಂಬಿ ಹರಿಯಿತು. ಮರುವರ್ಷ 2023ರಲ್ಲಿ ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಸರ್ಕಾರ ಘೋಷಿಸಿತು. ಒಂದು ವರ್ಷ ಹೆಚ್ಚು, ಮರುವರ್ಷ ಇಲ್ಲ. ಇಂಥ ನೆಲದಲ್ಲಿ ಬಿತ್ತುವವನಿಗೆ ಆಕಾಶ ನೋಡುವುದು ಹವ್ಯಾಸವಲ್ಲ, ಅದು ಹೊಟ್ಟೆಪಾಡು. ಒಂದು ಎಕರೆ ಕಡಲೆಕಾಯಿಗೆ 40ರಿಂದ 50 ಕೆ.ಜಿ. ಬೀಜ ಬೇಕು. ಎಷ್ಟೋ ಮನೆಗಳಲ್ಲಿ ಅದು ಸಾಲದ ಬೀಜ. ಬಿತ್ತಿದ ಮೇಲೆ ಮಳೆ ಹಿಂದೆ ಸರಿದರೆ ಬೀಜ ಮಣ್ಣಲ್ಲೇ ಒಣಗುತ್ತದೆ, ಸಾಲ ಮಾತ್ರ ಒಣಗುವುದಿಲ್ಲ.

ಈ ಅನಿಶ್ಚಯದ ನಡುವೆ ಹುಟ್ಟಿದ್ದೇ ಮಳೆಯ ಗುರುತುಗಳು. ಅವನ್ನು ಕುರಿತು ಎರಡು ಬಗೆಯ ಮಾತು ಕೇಳುತ್ತೇವೆ. ಹಿರಿಯರು ಹೇಳಿದ್ದೆಲ್ಲ ನಿಜ ಎನ್ನುವವರು ಕೆಲವರು. ಅದೆಲ್ಲ ಮೂಢನಂಬಿಕೆ, ಮೊಬೈಲ್ ನೋಡಿದರೆ ಸಾಕು ಎನ್ನುವವರು ಕೆಲವರು. ಈ ಇಬ್ಬರೂ ಒಂದು ಕೆಲಸ ಮಾಡಿರುವುದಿಲ್ಲ. ಗುರುತನ್ನು ಬರೆದಿಟ್ಟು, ಮಳೆಯನ್ನು ಅಳೆದು, ಎರಡನ್ನೂ ಹೋಲಿಸಿ ನೋಡಿರುವುದಿಲ್ಲ. ಆ ಕೆಲಸವನ್ನು ನೀವು ಮಾಡಬೇಕು, ಮಾಡಬಲ್ಲಿರಿ ಎಂದು ಹೇಳುವುದೇ ಇಂದಿನ ನನ್ನ ಉದ್ದೇಶ.

ಮೊದಲಿಗೆ ಗುರುತುಗಳನ್ನು ಮೂರು ಗುಂಪು ಮಾಡಿಕೊಳ್ಳೋಣ. ಇನ್ನು ಕೆಲವು ಗಂಟೆಗಳಲ್ಲಿ ಮಳೆ ಎನ್ನುವವು, ಒಂದೆರಡು ದಿನಗಳಲ್ಲಿ ಮಳೆ ಎನ್ನುವವು, ಈ ವರ್ಷ ಮಳೆ ಹೇಗೆ ಎನ್ನುವವು. ಮೂರರ ಬೆಲೆಯೂ ಒಂದೇ ಅಲ್ಲ.

ಗಂಟೆಗಳ ಗುರುತುಗಳನ್ನು ನೋಡಿ. ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನದ ಮೇಲೆ ಗಾಳಿ ಕಟ್ಟಿ ಮೈ ಬೆವರುತ್ತದೆ, ಉಪ್ಪು ನೀರೊಡೆಯುತ್ತದೆ, ಬೆಲ್ಲ ಅಂಟುತ್ತದೆ. "ಇವತ್ತು ಮಳೆ ಹುಯ್ಯುತ್ತೆ ಕಣಪ್ಪ" ಎಂದು ಅಜ್ಜಿ ಹೇಳುತ್ತಾರೆ. ಇದರಲ್ಲಿ ಮಾಯಮಂತ್ರವಿಲ್ಲ. ಗಾಳಿಯಲ್ಲಿ ತೇವ ಹೆಚ್ಚಾದುದನ್ನು ಉಪ್ಪು ಹೀರಿಕೊಂಡು ತೋರಿಸುತ್ತದೆ. ತೇವ ಮತ್ತು ನೆಲದ ಕಾವು ಎರಡೂ ಸೇರಿದರೆ ಗುಡುಗು ಮೋಡ ಏಳಲು ಬೇಕಾದ ಸಾಮಗ್ರಿ ಸಿದ್ಧವಾದಂತೆ. ಅನಂತರ ತಟ್ಟನೆ ತಂಪು ಗಾಳಿ ಬೀಸುತ್ತದೆ, ಅದರ ಜೊತೆ ಮಣ್ಣಿನ ವಾಸನೆ ಬರುತ್ತದೆ. ಉರ್ದುವಿನಲ್ಲಿ ಇದನ್ನು ಸೋಂಧೀ ಖುಶ್ಬೂ ಎನ್ನುತ್ತೇವೆ. ಉತ್ತರ ಪ್ರದೇಶದ ಕನೌಜ್‌ನಲ್ಲಿ ಈ ವಾಸನೆಯನ್ನೇ ಹಿಡಿದು ಮಿಟ್ಟಿಯ ಅತ್ತರ್ ತಯಾರಿಸುತ್ತಾರೆ. 1964ರಲ್ಲಿ ಆಸ್ಟ್ರೇಲಿಯಾದ ಇಬ್ಬರು ವಿಜ್ಞಾನಿಗಳು ಇದಕ್ಕೆ ಪೆಟ್ರಿಕೋರ್ ಎಂದು ಹೆಸರಿಟ್ಟರು. ಪಕ್ಕದ ಊರಿನಲ್ಲಿ ಮಳೆ ಬೀಳುತ್ತಿದೆ, ಅಲ್ಲಿಂದ ಗಾಳಿ ನಮ್ಮ ಕಡೆ ಬರುತ್ತಿದೆ ಎಂಬುದೇ ಆ ವಾಸನೆಯ ಅರ್ಥ. ಮೀಡಿಯಂ ವೇವ್ ರೇಡಿಯೋದಲ್ಲಿ ಚಟಚಟ ಸದ್ದು ಬಂದರೆ ಎಲ್ಲೋ ಸಿಡಿಲು ಹೊಡೆಯುತ್ತಿದೆ ಎನ್ನುತ್ತಿದ್ದರು. ಅದೂ ಸರಿಯೇ, ಮಿಂಚು ರೇಡಿಯೋ ಅಲೆಗಳನ್ನು ಹೊರಡಿಸುತ್ತದೆ.

ಮಿಂಚಿನ ವಿಷಯ ಬಂದುದರಿಂದ ಒಂದು ಜೀವರಕ್ಷಕ ಲೆಕ್ಕವನ್ನು ಹೇಳಿಬಿಡುತ್ತೇನೆ. ಮಿಂಚು ಕಂಡ ಕೂಡಲೇ ಎಣಿಸಲು ಶುರುಮಾಡಿ, ಗುಡುಗು ಕೇಳಿದಾಗ ನಿಲ್ಲಿಸಿ. ಮೂರು ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್ ದೂರ. 30 ಎಣಿಸುವುದರೊಳಗೆ ಗುಡುಗಿದರೆ ಸಿಡಿಲು ನಿಮ್ಮನ್ನೂ ಮುಟ್ಟುವಷ್ಟು ಹತ್ತಿರದಲ್ಲಿದೆ, ಗಟ್ಟಿ ಕಟ್ಟಡದೊಳಗೆ ಹೋಗಬೇಕು. ಕೊನೆಯ ಗುಡುಗು ಕೇಳಿದ ಮೇಲೂ ಅರ್ಧ ಗಂಟೆ ಹೊರಗೆ ಬರಬಾರದು. ಕುರಿ ಮೇಯಿಸುವವರು ಹುಣಸೆ ಮರದ ಕೆಳಗೆ ನಿಲ್ಲುವುದು ನಮ್ಮಲ್ಲಿ ರೂಢಿ. ಆ ರೂಢಿಯನ್ನು ಬಿಡಿಸುವುದು ನಿಮ್ಮ ಕೆಲಸ. ಪುಣೆಯ ಹವಾಮಾನ ಸಂಶೋಧನಾ ಸಂಸ್ಥೆ ರೂಪಿಸಿದ 'ದಾಮಿನಿ' ಎಂಬ ಮೊಬೈಲ್ ಆ್ಯಪ್ ಕೂಡ ಸಿಡಿಲಿನ ಮುನ್ಸೂಚನೆ ಕೊಡುತ್ತದೆ. ಆದರೆ ಎಣಿಸುವುದಕ್ಕೆ ಸಿಗ್ನಲ್ ಬೇಕಿಲ್ಲ.

ಇನ್ನು ಒಂದೆರಡು ದಿನಗಳ ಗುರುತುಗಳು. ಚಂದ್ರನ ಸುತ್ತ ಕಾಣುವ ಬಳೆಯನ್ನು ನಮ್ಮಲ್ಲಿ ಗುಡಿ ಎನ್ನುತ್ತಾರೆ, ಉರ್ದುವಿನಲ್ಲಿ ಹಾಲಾ. ದೂರದ ಗುಡಿಗೆ ಹತ್ತಿರದ ಮಳೆ, ಹತ್ತಿರದ ಗುಡಿಗೆ ದೂರದ ಮಳೆ ಎಂಬ ಮಾತು ಕನ್ನಡದಲ್ಲೂ ತೆಲುಗಿನಲ್ಲೂ ಇದೆ. ನಮ್ಮ ಹಿರಿಯರ ಕಣ್ಣು ಎಷ್ಟು ಚುರುಕಾಗಿತ್ತೆಂಬುದಕ್ಕೆ ಇದೊಂದು ಸಾಕ್ಷಿ. ಈ ಎರಡು ಬಳೆಗಳೂ ಬೇರೆ ಬೇರೆ. ಚಂದ್ರನಿಗೆ ಅಂಟಿಕೊಂಡಂತಿರುವ ಸಣ್ಣ ಬಳೆ ತೆಳು ಮೋಡದ ನೀರಹನಿಗಳಿಂದ ಆಗುತ್ತದೆ. ದೂರದ ದೊಡ್ಡ ಬಳೆ ಬಹಳ ಎತ್ತರದ ಮೋಡದಲ್ಲಿರುವ ಮಂಜಿನ ಹರಳುಗಳಿಂದ ಆಗುತ್ತದೆ. ಅದರ ಅಂತರ ಯಾವಾಗಲೂ ಸುಮಾರು 22 ಡಿಗ್ರಿ. ಕೈಯನ್ನು ಪೂರ್ತಿ ಚಾಚಿ, ಬೆರಳು ಅಗಲಿಸಿ, ಹೆಬ್ಬೆರಳನ್ನು ಚಂದ್ರನ ಮೇಲಿಟ್ಟರೆ ಕಿರುಬೆರಳು ಬಳೆಯನ್ನು ಮುಟ್ಟುತ್ತದೆ. ಮಂಜಿನ ಹರಳಿನ ಆ ಎತ್ತರದ ಮೋಡ ಅನೇಕ ವೇಳೆ ದೊಡ್ಡ ಮಳೆ ಮೋಡಗಳ ಮುಂಚೂಣಿಯಾಗಿ ಹರಡುತ್ತದೆ. ಹಾಗೆಂದು ದೊಡ್ಡ ಗುಡಿ ಕಂಡಾಗಲೆಲ್ಲ ಮಳೆ ಬರುವುದಿಲ್ಲ. ದೂರದಲ್ಲಿ ಮುಗಿದುಹೋದ ಗುಡುಗು ಮೋಡದ ತುದಿಯೂ ಅದೇ ಬಳೆಯನ್ನು ತೋರಿಸುತ್ತದೆ.

ಗಾಳಿಯ ದಿಕ್ಕಿನ ಗುರುತು ನಮ್ಮ ಸೀಮೆಗೆ ಬಹಳ ಮುಖ್ಯ. ಜೂನ್, ಜುಲೈನಲ್ಲಿ ಪಡುವಲ ಗಾಳಿ ಧೂಳೆಬ್ಬಿಸಿಕೊಂಡು ಬೀಸುತ್ತದೆ, ಮೋಡಗಳು ತಲೆಯ ಮೇಲೆ ಓಡುತ್ತವೆ, ತುಂತುರು ಬಿದ್ದು ನಿಲ್ಲುತ್ತದೆ. ಓಡುವ ಮೋಡವನ್ನು ನೆಚ್ಚಬೇಡ ಎಂದು ರೈತರು ಹೇಳುವುದು ಇದಕ್ಕೇ. ಘಟ್ಟದಲ್ಲಿ ಬರಿದಾಗಿ ಬಂದ ಗಾಳಿಯಿಂದ ನಮಗೆ ಹೆಚ್ಚು ಸಿಗುವುದಿಲ್ಲ. ಸೆಪ್ಟೆಂಬರ್ ಹೊತ್ತಿಗೆ ಆ ಗಾಳಿ ಇಳಿಯುತ್ತದೆ. ಸಂಜೆಯ ಗುಡುಗು ಮಳೆಗಳು ಏಳುತ್ತವೆ. ಅಕ್ಟೋಬರ್‌ನಲ್ಲಿ ಮೂಡಲ ಕಡೆಯಿಂದ, ಬಂಗಾಳ ಕೊಲ್ಲಿಯ ತೇವ ಬರುತ್ತದೆ. ನಮ್ಮ ಕೆರೆ ತುಂಬಿಸುವ ಮಳೆ ಬಹುಮಟ್ಟಿಗೆ ಈ ಎರಡು ತಿಂಗಳದು. ಮಲೆನಾಡಿನವರ ಗುರುತು ನಮ್ಮಲ್ಲಿ ನಡೆಯದಿರುವುದಕ್ಕೂ ಇದೇ ಕಾರಣ. ಗುರುತಿಗೂ ಒಂದು ಊರು ಇರುತ್ತದೆ.

ಪ್ರಾಣಿಪಕ್ಷಿಗಳ ಗುರುತುಗಳಲ್ಲಿ ಇನ್ನೂ ಎಚ್ಚರ ಬೇಕು. ಇರುವೆಗಳು ಮೊಟ್ಟೆ ಹೊತ್ತು ಎತ್ತರಕ್ಕೆ ಸಾಗುವುದು ಮಣ್ಣಿನ ತೇವ, ಕಾವು ಬದಲಾದಾಗ. ಅದು ಮಳೆಯ ಮುಂಚೆಯೂ ಆಗಬಹುದು, ಬೇರೆ ಕಾರಣಕ್ಕೂ ಆಗಬಹುದು. ರೆಕ್ಕೆಯ ಗೆದ್ದಲು ದೀಪಕ್ಕೆ ಮುತ್ತುವುದು ಸಾಮಾನ್ಯವಾಗಿ ನೆಲ ನೆನೆದ ಮೇಲೆ. ಅಂದರೆ ಅದು ಬರುವ ಮಳೆಯ ಸುದ್ದಿಯಲ್ಲ, ಬಂದ ಮಳೆಯ ರಸೀದಿ. ಚಾತಕ ಪಕ್ಷಿ ಮುಂಗಾರಿನ ದೂತ ಎಂದು ಪಠ್ಯಗಳಲ್ಲಿ ಓದುತ್ತೇವೆ. ಉತ್ತರ ಭಾರತಕ್ಕೆ ಅದು ಆಫ್ರಿಕಾದಿಂದ ಮುಂಗಾರಿನೊಂದಿಗೆ ಬರುತ್ತದೆ, ಅಲ್ಲಿ ಈ ಗುರುತಿಗೆ ಅರ್ಥವಿದೆ. ದಕ್ಷಿಣದಲ್ಲಾದರೋ ವರ್ಷವಿಡೀ ಇಲ್ಲೇ ಇರುವ ಚಾತಕಗಳೂ ಇವೆ. ಶಿರಾ ತಾಲ್ಲೂಕಿನ ಕಗ್ಗಲಡುವಿನ ಹುಣಸೆ ಮರಗಳಲ್ಲಿ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುವುದನ್ನು ನೀವು ನೋಡಿರಬಹುದು. ಊರಿನವರು ಆ ಹಕ್ಕಿಗಳನ್ನು ಮನೆಮಕ್ಕಳಂತೆ ಕಾಯುತ್ತಾರೆ. ಸುತ್ತಲ ಕೆರೆಗಳಲ್ಲಿ ನೀರು, ಮೀನು ಇದ್ದರೆ ಮಾತ್ರ ಅವಕ್ಕೆ ಬದುಕು. ಕೆರೆಯ ನೀರು ಹಿಂದಿನ ಮಳೆಯದು. ಹಾಗಾದರೆ ಹಕ್ಕಿಗಳ ಸಂಖ್ಯೆ ಮುಂದಿನ ಮಳೆಯನ್ನು ಹೇಳುತ್ತದೆಯೋ, ಹಿಂದಿನ ಮಳೆಯನ್ನೋ? ಪ್ರತಿಯೊಂದು ಗುರುತಿನ ಮುಂದೂ ಈ ಪ್ರಶ್ನೆಯನ್ನು ಇಟ್ಟು ನೋಡಿ.

ಈಗ ಮೂರನೆಯ ಗುಂಪಿಗೆ, ಮಳೆ ನಕ್ಷತ್ರಗಳಿಗೆ ಬರೋಣ. ಸೂರ್ಯ 27 ನಕ್ಷತ್ರಗಳನ್ನು ಒಂದು ವರ್ಷದಲ್ಲಿ ದಾಟುತ್ತಾನೆಂಬ ಲೆಕ್ಕದಲ್ಲಿ ಒಂದೊಂದಕ್ಕೆ ಹದಿಮೂರು, ಹದಿನಾಲ್ಕು ದಿನ. ಏಪ್ರಿಲ್ ಕೊನೆಗೆ ಭರಣಿ, ಜೂನ್ ಮೊದಲ ವಾರ ಕಳೆಯುತ್ತಲೇ ಮೃಗಶಿರ, ಜೂನ್ 21, 22ಕ್ಕೆ ಆರಿದ್ರಾ, ಜುಲೈ ಮೂರನೆಯ ವಾರಕ್ಕೆ ಪುಷ್ಯ, ಆಗಸ್ಟ್ ಮಧ್ಯಕ್ಕೆ ಮಖೆ, ಸೆಪ್ಟೆಂಬರ್ ಮಧ್ಯಕ್ಕೆ ಉತ್ತರೆ, ಅಕ್ಟೋಬರ್‌ನಲ್ಲಿ ಚಿತ್ತೆ, ಸ್ವಾತಿ. ಪಾವಗಡದ ತೆಲುಗು ಮನೆಗಳಲ್ಲಿ ಇವನ್ನೇ ಕಾರ್ತೆ ಎನ್ನುತ್ತಾರೆ. ಭರಣಿ ಸುರಿದರೆ ಧರಣಿ ಬೆಳೆಯುತ್ತದೆ, ಆರಿದ್ರಾ ಇಲ್ಲದಿದ್ದರೆ ದಾರಿದ್ರ್ಯ ಎಂಬ ಗಾದೆಗಳನ್ನು ಕೇಳದ ರೈತನಿಲ್ಲ.

ಮುಸ್ಲಿಂ ರೈತರೂ ಇದೇ ಲೆಕ್ಕದಲ್ಲಿ ಬೇಸಾಯ ಮಾಡುತ್ತಾ ಬಂದಿದ್ದಾರೆ. ಕಾರಣ ಸರಳವಾದುದು. ಹಿಜರಿ ವರ್ಷಕ್ಕೆ ಸುಮಾರು 354 ದಿನ. ಸೂರ್ಯನ ವರ್ಷಕ್ಕಿಂತ ಅದು 11 ದಿನ ಕಡಿಮೆ. ಆದ್ದರಿಂದ ರಂಜಾನ್ ಒಮ್ಮೆ ಬೇಸಿಗೆಗೆ, ಮತ್ತೊಮ್ಮೆ ಚಳಿಗಾಲಕ್ಕೆ ಬರುತ್ತದೆ. ಸುಮಾರು 33 ವರ್ಷಕ್ಕೆ ಒಂದು ಸುತ್ತು ಪೂರ್ಣವಾಗುತ್ತದೆ. ಇಬಾದತ್ತಿಗೆ ಚಂದ್ರನ ಲೆಕ್ಕ, ಬಿತ್ತನೆಗೆ ಸೂರ್ಯನ ಲೆಕ್ಕ. ಎರಡೂ ಒಂದೇ ಮನೆಯ ಗೋಡೆಯ ಮೇಲೆ ಶಾಂತವಾಗಿ ತೂಗಾಡಿವೆ.

ನಕ್ಷತ್ರದ ಹೆಸರಿನಲ್ಲಿ ಮಳೆಯನ್ನು ಕರೆಯಬಹುದೇ ಎಂದು ಕೆಲವು ವಿದ್ಯಾರ್ಥಿಗಳು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಹುದೈಬಿಯಾದಲ್ಲಿ ರಾತ್ರಿ ಮಳೆಯಾದ ಮರುದಿನ, ಮಳೆಯನ್ನು ಕೊಟ್ಟಿದ್ದು ಇಂಥ ನಕ್ಷತ್ರ ಎನ್ನುವುದನ್ನು ಪ್ರವಾದಿಯವರು (ಸ) ಆಕ್ಷೇಪಿಸಿದ ಹದೀಸ್ ಬುಖಾರಿ ಮತ್ತು ಮುಸ್ಲಿಂ ಸಂಗ್ರಹಗಳಲ್ಲಿದೆ. ನಕ್ಷತ್ರವೇ ಮಳೆ ಕೊಡುತ್ತದೆ ಎನ್ನುವುದು ಬೇರೆ, ಇಂಥ ನಕ್ಷತ್ರದ ಕಾಲದಲ್ಲಿ ಮಳೆ ಬರುತ್ತದೆ ಎಂದು ಕಾಲ ಗುರುತಿಸುವುದು ಬೇರೆ ಎಂದು ಅನೇಕ ವಿದ್ವಾಂಸರು ವಿವರಿಸಿದ್ದಾರೆ. ಅರಬರಲ್ಲೂ ಇಂಥ 28 ಮನೆಗಳ ಲೆಕ್ಕವಿತ್ತು, ಅದಕ್ಕೆ ಅನ್ವಾ ಎಂದು ಹೆಸರು. ಒಂಬತ್ತನೆಯ ಶತಮಾನದ ಇಬ್ನ್ ಕುತೈಬಾ ಈ ವಿಷಯದ ಮೇಲೆ ಗ್ರಂಥವನ್ನೇ ಬರೆದರು. ಅವರ ಪಟ್ಟಿಯಲ್ಲಿ ಮೂರನೆಯದು ಸುರಯ್ಯಾ. ನಮ್ಮ ಪಟ್ಟಿಯಲ್ಲಿ ಮೂರನೆಯದು ಕೃತ್ತಿಕೆ. ಎರಡೂ ಒಂದೇ ನಕ್ಷತ್ರಗುಚ್ಛ! ನಿಮ್ಮ ತರಗತಿಯಲ್ಲಿ ಸುರಯ್ಯಾ ಎಂಬ ಹುಡುಗಿ ಇದ್ದರೆ ಅವಳ ಹೆಸರು ಕೃತ್ತಿಕೆ ಎಂದೇ ಆಯಿತು. ಬರಗಾಲದಲ್ಲಿ ಈದ್ಗಾದಲ್ಲಿ ನಡೆಯುವ ಇಸ್ತಿಸ್ಕಾ ನಮಾಜ್ ಆಗಲಿ, ಹಳ್ಳಿಯ ಮಕ್ಕಳು ಮಳೆರಾಯನನ್ನು ಹೊತ್ತು ಮನೆಮನೆಗೆ ಹೋಗುವುದಾಗಲಿ ಮುನ್ಸೂಚನೆಗಳಲ್ಲ, ಬೇಡಿಕೆಗಳು. ಬೇಡಿಕೆಯನ್ನು ಮಳೆಮಾಪಕದಿಂದ ಅಳೆಯುವುದಿಲ್ಲ. ಮುನ್ಸೂಚನೆಯನ್ನು ಅಳೆಯಲೇಬೇಕು.

ಅಳೆದು ನೋಡಿದರೆ ಗಾದೆಗಳಲ್ಲಿ ಎರಡು ತೊಡಕು ಕಾಣುತ್ತವೆ. ಮೊದಲನೆಯದು ಆಕಾಶದ್ದು. ನಕ್ಷತ್ರದ ವರ್ಷ ಋತುಗಳ ವರ್ಷಕ್ಕಿಂತ ಸುಮಾರು 20 ನಿಮಿಷ ಉದ್ದ. ಇಪ್ಪತ್ತು ನಿಮಿಷ ಏನು ಮಹಾ ಎನ್ನಬಹುದು. ಅದು ಸುಮಾರು 70 ವರ್ಷಕ್ಕೆ ಒಂದು ದಿನವಾಗುತ್ತದೆ, ಸಾವಿರ ವರ್ಷಕ್ಕೆ 14 ದಿನವಾಗುತ್ತದೆ. ಒಂದು ಗಾದೆ ಸಾವಿರ ವರ್ಷ ಹಳೆಯದಾದರೆ, ಅದರ ಮಳೆ ಇಷ್ಟರಲ್ಲಿ ಪೂರ್ತಿ ಒಂದು ನಕ್ಷತ್ರದಷ್ಟು ಸರಿದಿರುತ್ತದೆ.

ಎರಡನೆಯದು ಹೊಲದ್ದು. ಗಾದೆಗಳು ಹುಟ್ಟಿದ್ದು ಜೋಳ, ರಾಗಿ, ನವಣೆ, ಸಾಮೆಯ ಕಾಲದಲ್ಲಿ. ಈಗ ಪಾವಗಡ, ಮಧುಗಿರಿ, ಶಿರಾ ಕಡೆಯ ಖುಷ್ಕಿ ಹೊಲಗಳಲ್ಲಿ ಕಡಲೆಕಾಯಿಯ ಪಾಲೇ ದೊಡ್ಡದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸುಲೋಚನಾ ಗಾಡ್ಗೀಳ್, ಶೇಷಗಿರಿ ರಾವ್ ಮತ್ತು ಅವರ ಸಂಗಡಿಗರು 1990ರ ದಶಕದಲ್ಲಿ ಪಾವಗಡ ಸೀಮೆಯ ರೈತರ ಜೊತೆ ಕೂತು ಈ ವಿಷಯವನ್ನು ಪರಿಶೀಲಿಸಿದರು. ರೈತರು ಜೂನ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಹದ ಸಿಕ್ಕಾಗ ಕಡಲೆಕಾಯಿ ಬಿತ್ತುತ್ತಿದ್ದರು. ಹಲವು ದಶಕಗಳ ಮಳೆ ದಾಖಲೆಗಳನ್ನು ಗಣಕಯಂತ್ರದ ಮಾದರಿಗೆ ಕೊಟ್ಟು ನೋಡಿದಾಗ, ಜುಲೈ ಮಧ್ಯದ ನಂತರ ಬಿತ್ತಿದ ಬೆಳೆಗೆ ಅಪಾಯ ಕಡಿಮೆ ಎಂದು ಕಂಡಿತು. ಕಾಯಿ ಕಟ್ಟಿ ತುಂಬುವ ಹೊತ್ತು ಸೆಪ್ಟೆಂಬರ್, ಅಕ್ಟೋಬರ್ ಮಳೆಗೆ ಸರಿಯಾಗಿ ಕೂಡಿಬರುವುದೇ ಕಾರಣ. ಹಾಗಾದರೆ ಜೋಳದವನ ಆರಿದ್ರಾ ಗಾದೆಯನ್ನು ಕಡಲೆಕಾಯಿಯವನು ಹಾಗೇ ಅನುಸರಿಸಬೇಕೇ? ಯೋಚಿಸಬೇಕಾದ ಮಾತು. ಈ ಅಧ್ಯಯನದಲ್ಲಿ ಎಲ್ಲಕ್ಕಿಂತ ಮುಖ್ಯವಾದುದು, ವಿಜ್ಞಾನಿಗಳು ರೈತರ ತಿಳಿವಳಿಕೆಯನ್ನು ತಳ್ಳಿಹಾಕಲಿಲ್ಲ. ಅದನ್ನೇ ಪ್ರಶ್ನೆಯಾಗಿ ತೆಗೆದುಕೊಂಡು ಲೆಕ್ಕ ಹಾಕಿದರು.

ವಿಜ್ಞಾನಿಗಳ ಗುರುತುಗಳೇನೂ ಎಂದೂ ತಪ್ಪದವಲ್ಲ. ಭಾರತೀಯ ಹವಾಮಾನ ಇಲಾಖೆ ಆರಂಭವಾದದ್ದು 1875ರಲ್ಲಿ. 1886ರಲ್ಲಿ ಅದು ಮುಂಗಾರಿನ ಮೊದಲ ದೀರ್ಘಾವಧಿ ಮುನ್ಸೂಚನೆ ಕೊಟ್ಟಾಗ ಆಧಾರವಾಗಿದ್ದುದು ಹಿಮಾಲಯದ ಮೇಲಿನ ಹಿಮ. ಹಿಮ ಹೆಚ್ಚಿದ್ದರೆ ಮಳೆ ಕಡಿಮೆ ಎಂಬುದು. ಅದೂ ಒಂದು ಗುರುತೇ ತಾನೆ! ಮುಂದೆ 1988ರಿಂದ 16 ಅಂಶಗಳನ್ನು ನೋಡಿ ಹೇಳುವ ಪದ್ಧತಿ ಬಂತು. 2002ರಲ್ಲಿ ದೇಶದಲ್ಲಿ ಮಾಮೂಲು ಮಳೆ ಎಂದು ಅದು ಹೇಳಿತು, ಬಿದ್ದದ್ದು ಸರಾಸರಿಯ ಶೇಕಡ 81. ಮರುವರ್ಷವೇ ಇಲಾಖೆ ಆ ಪದ್ಧತಿಯನ್ನು ಬದಲಿಸಿತು. ವಿಜ್ಞಾನದ ಹೆಚ್ಚುಗಾರಿಕೆ ತಪ್ಪದಿರುವುದರಲ್ಲಿಲ್ಲ, ತಪ್ಪಿದ್ದನ್ನು ಬರೆದಿಟ್ಟುಕೊಂಡು ಬದಲಾಗುವುದರಲ್ಲಿದೆ. ಇಂದು ಉಪಗ್ರಹ, ರೇಡಾರ್, ಗಣಕಯಂತ್ರಗಳಿಂದ ಎರಡು ಮೂರು ದಿನಗಳ ಮುನ್ಸೂಚನೆ ಬಹಳ ಸುಧಾರಿಸಿದೆ. ಬಿತ್ತುವ ಮೊದಲು ಅದನ್ನು ನೋಡಲೇಬೇಕು. ಆದರೂ ಅದು ಒಂದೊಂದು ಹೊಲದ ಮಾತನ್ನು ಹೇಳುವುದಿಲ್ಲ. ಒಂದು ಹೊಲಕ್ಕೆ ಬಿದ್ದು ಪಕ್ಕದ ಹೊಲಕ್ಕೆ ಬೀಳದ ಮಳೆಯನ್ನು ಹೊಲದಲ್ಲೇ ನಿಂತು ಕಾಣಬೇಕು.

ಹಾಗಾದರೆ ನಾವು ಏನು ಮಾಡಬೇಕು? ಪ್ರತಿ ಶಾಲೆಯಲ್ಲೂ ಒಂದು ಮಳೆ ಪುಸ್ತಕ ಇಡೋಣ. ಬುಡದಿಂದ ಬಾಯಿಯವರೆಗೆ ಒಂದೇ ಅಗಲವಿರುವ, ನೆಟ್ಟಗಿನ ಡಬ್ಬಿಯನ್ನು ಮರ ಗೋಡೆಗಳಿಂದ ದೂರ ಬಯಲಲ್ಲಿಡಿ. ಪ್ರತಿದಿನ ಬೆಳಿಗ್ಗೆ 8.30ಕ್ಕೆ, ಇಲಾಖೆ ಅಳೆಯುವ ಹೊತ್ತಿಗೇ, ನೀರಿನ ಎತ್ತರವನ್ನು ಅಳತೆಪಟ್ಟಿಯಿಂದ ಮಿಲಿಮೀಟರ್‌ನಲ್ಲಿ ಅಳೆದು ಚೆಲ್ಲಿ. 2.5 ಮಿ.ಮೀ. ಅಥವಾ ಹೆಚ್ಚಿದ್ದರೆ ಅದು ಮಳೆ ದಿನ. ಒಂದು ಮಿ.ಮೀ. ಮಳೆ ಎಂದರೆ ಎಕರೆಗೆ ಸುಮಾರು 4000 ಲೀಟರ್ ನೀರು. ಈ ಒಂದು ಲೆಕ್ಕ ತಿಳಿದರೆ ತುಂತುರನ್ನೂ ಹದ ಮಳೆಯನ್ನೂ ಬೇರೆ ಮಾಡುವುದು ಸುಲಭ.

ಅದರ ಪಕ್ಕದ ಅಂಕಣದಲ್ಲಿ ಮನೆಯ ಹಿರಿಯರು ಆ ದಿನ ಹೇಳಿದ ಗುರುತನ್ನು ಬರೆಯಿರಿ. ಒಂದು ನಿಯಮ ಮಾತ್ರ ಕಡ್ಡಾಯ. ಗುರುತನ್ನು ಮಳೆ ಬರುವ ಮೊದಲೇ ಬರೆಯಬೇಕು. ಮಳೆ ಬಂದ ಮೇಲೆ "ನಾನು ಆಗಲೇ ಹೇಳಿರಲಿಲ್ಲವೇ" ಎನ್ನುವುದಕ್ಕೆ ಪುಸ್ತಕದಲ್ಲಿ ಜಾಗವಿಲ್ಲ. ವರ್ಷದ ಕೊನೆಗೆ ನಾಲ್ಕು ಮನೆಗಳ ಚೌಕ ಎಳೆಯಿರಿ. ಗುರುತು ಕಂಡು ಮಳೆ ಬಂದದ್ದು ಎಷ್ಟು, ಕಂಡರೂ ಬಾರದ್ದು ಎಷ್ಟು, ಕಾಣದೆಯೂ ಬಂದದ್ದು ಎಷ್ಟು, ಎರಡೂ ಇಲ್ಲದ್ದು ಎಷ್ಟು. ಮನುಷ್ಯನ ನೆನಪು ಮೊದಲ ಮನೆಯನ್ನು ಮಾತ್ರ ಹಿಡಿದಿಟ್ಟುಕೊಂಡು ಉಳಿದ ಮೂರನ್ನು ಮರೆಯುತ್ತದೆ. ಗಾದೆಗಳು ಬಾಳುವುದೂ, ಕೆಲವೊಮ್ಮೆ ಮೋಸ ಮಾಡುವುದೂ ಇದರಿಂದಲೇ. ನಾಲ್ಕು ಮನೆಗಳನ್ನೂ ತುಂಬಿದ ವಿದ್ಯಾರ್ಥಿ ಗಣಿತವನ್ನೂ ವಿಜ್ಞಾನವನ್ನೂ ಕಲಿತಂತಾಯಿತು, ಅಜ್ಜನ ಜೊತೆ ದಿನವೂ ಹತ್ತು ನಿಮಿಷ ಕೂತಂತೆಯೂ ಆಯಿತು.

ಈ ಕೆಲಸಕ್ಕೆ ಹೊತ್ತು ಮೀರುತ್ತಿದೆ. ಪಾವಗಡದ ತಿರುಮಣಿ ಸುತ್ತ ಸುಮಾರು 13,000 ಎಕರೆಯಲ್ಲಿ 2050 ಮೆಗಾವ್ಯಾಟ್ ಸೌರ ವಿದ್ಯುತ್ ಪಾರ್ಕ್ ನಿಂತಿದೆ. ಮಳೆ ನೆಚ್ಚಿ ಸೋತ ಎಷ್ಟೋ ಕುಟುಂಬಗಳು ಭೂಮಿಯನ್ನು ಗುತ್ತಿಗೆಗೆ ಕೊಟ್ಟವು. ಅದನ್ನು ತಪ್ಪೆನ್ನಲಾರೆ. ಆದರೆ ಉಳುಮೆ ನಿಂತ ಹೊಲದ ಮೇಲಿನ ಮೋಡವನ್ನು ಯಾರು ಓದುತ್ತಾರೆ? ಮೋಡ ಓದಬಲ್ಲ ಕೊನೆಯ ತಲೆಮಾರು ಈಗ ನಮ್ಮ ಮನೆಯ ಜಗಲಿಯ ಮೇಲೆ ಕೂತಿದೆ. ಅವರು ಹೇಳುವುದರಲ್ಲಿ ಕಾಳೂ ಇದೆ, ಜೊಳ್ಳೂ ಇದೆ. ಕೇರದೆ ಎರಡನ್ನೂ ಎಸೆಯುವುದು ಜಾಣತನವಲ್ಲ, ಕೇರದೆ ಎರಡನ್ನೂ ನುಂಗುವುದೂ ಜಾಣತನವಲ್ಲ. ಮೊರ ನಿಮ್ಮ ಕೈಯಲ್ಲಿದೆ. ಅದರ ಹೆಸರು ಶಿಕ್ಷಣ.

ಬರುವ ಭರಣಿ ಮಳೆಯ ಹೊತ್ತಿಗೆ ನಾಲ್ಕೂ ತಾಲ್ಲೂಕುಗಳ ಕೆಲವು ಶಾಲೆಗಳಲ್ಲಾದರೂ ಮಳೆ ಪುಸ್ತಕದ ಮೊದಲ ಪುಟ ತೆರೆಯಲಿ ಎಂದು ಹಾರೈಸುತ್ತೇನೆ.